ಅರವತ್ತೆಂಟ ಕೇಜಿ ಡಾಕ್ಟ್ರು

ನಮ್ಮ ಸಾಹೇಬ್ರ ಮಣ್ಣಿಗಿ ನಾ ಹೋಗೂದ್ರಾಗ ಪಡಸಾಲ್ಯಾಗ ಗ್ವಾಡಿಗಿ ಆನಿಸಿ ಕುಂದರಿಸಿದ್ರು. ಹಣಿ ತುಂಬ ವಿಭೂತಿ, ಕೊಳ್ಳಾಗ ಹಾರ, ಮೂಗಿನ್ಯಾಗ ಹತ್ತಿ. ಬಂದವ್ರೆಲ್ಲ ಮುಖ ನೋಡಿ, ಕೈ ಮುಗದು, ಬಾಜೂಕ ಸರಿಯಾಕತ್ತಿದ್ರು. ನಾ ಮಾತ್ರ ಆ ಹತ್ತಿ ನೋಡ್ಕೊಂತ ನಿಂತಬಿಟ್ಟೆ. ನನ್ನ ಹಿಂದ ನಿಂತಿದ್ದ ಹೆಣ್ಮಗಳು, "ಮುಂದ ನಡೀರಿ ಮೇಡಮ್, ಏನ್ ನೋಡಾಕತ್ತೀರಿ?" ಅಂತ ಮೊಳಕೈಲಿ ತಿವಿದ್ಳು. ಹತ್ತಿ ಅಲ್ಲಾಡ್ತದೇನೋ ಅಂತ ನೋಡಾಕತ್ತೀನಿ ಅಂತ ಆಕಿಗಿ ಹೆಂಗ ಹೇಳ್ಲಿ? ಹುಚ್ಚಿ ಅಂತಿದ್ಳು. ಆದ್ರ ಹಂಗ ನೋಡೂದು ನನಗ ಕಲಿಸಿದವ್ರ ಅವರು.

ಅವರು ದನದ ಡಾಕ್ಟ್ರು. ನಾನೂ ದನದ ಡಾಕ್ಟ್ರ. ಯರಗೇರಾದಾಗ ಹುಟ್ಟಿ, ಬಸ್ಸಿನ ಬಾಗಲಕ್ಕ ಜೋತುಬಿದ್ದು ರಾಯಚೂರಿಗಿ ಹೋಗಿ ಓದಿ, ಮುಂದ ಹೆಂಗೋ ಡಾಕ್ಟ್ರ ಆಗಿ, ಮಾನವಿ ದವಾಖಾನಿಗಿ ಅವರ ಕೈಕೆಳಗ ಬಂದೆ. ನಾಯಿಗಿ ಮಂಪರದ ಸೂಜಿ ಕೊಟ್ಟು ಆಪರೇಶನ್ ಮಾಡುವಾಗ ಅವರು ಮೊದ್ಲ ಮಾಡೂ ಕೆಲಸ ಅಂದ್ರ, ಕಿಸೆದಾಗಿಂದ ಜರಾ ಹತ್ತಿ ತಗದು, ಒಂದು ಎಳಿ ಹಿಂಜಿ, ನಾಯಿ ಮೂಗಿನ ತುದಿಗಿ ಅಂಟಿಸೂದು. ಉಸಿರಾಡಿದ್ರ ಎಳಿ ಅಲ್ಲಾಡ್ತದ. "ಮಷೀನು ಕಳಸ್ತೀವಿ ಅಂತ ಮ್ಯಾಲಿನವ್ರು ಹೇಳ್ಯಾರ. ಅದು ಬರೂತನಕ ನಾಯಿ ಉಸಿರು ಹಿಡ್ಕೊಂಡು ಕುಂದ್ರತದೇನು? ಹತ್ತಿ ನೋಡು ತಂಗಿ, ನನ್ನ ಮಾರಿ ನೋಡಬ್ಯಾಡ," ಅಂತಿದ್ರು.

ಮಣ್ಣಾದ ಮ್ಯಾಲ ರಾಯಚೂರಾಗ ಒಂದು ಶ್ರದ್ಧಾಂಜಲಿ ಸಭಾ ಆಯ್ತು. ಮೈಕ್ ಸಿಕ್ಕವ್ರೆಲ್ಲ ಒಂದ ಮಾತು. ಸತ್ಯವಂತರು, ಜೀವಮಾನದಾಗ ಒಂದು ಸುಳ್ಳು ಆಡಿದವ್ರಲ್ಲ ಅಂತ. ನನಗ ನಗು ತಡೀಲಿಕ್ಕ ಆಗಲಿಲ್ಲ, ಸೆರಗು ಬಾಯಿಗಿ ಇಟಗೊಂಡೆ. ಅಳಾಕತ್ತಾಳ ಅಂತ ತಿಳದು ಯಾರೋ ನೀರು ತಂದುಕೊಟ್ರು. ಯಪ್ಪಾ, ಅವರು ಒಂದು ಸುಳ್ಳು ಆಡ್ತಿದ್ರು. ಬರೇ ಒಂದ. ಆದ್ರ ಅದನ್ನ ವರ್ಷಾನುಗಟ್ಲೆ ಆಡಿದ್ರು, ಅದೂ ನಾಯಿಗೋಳ ಮುಂದ.

ಅದನ್ನ ಹೇಳಬೇಕಂದ್ರ ಮೊದ್ಲ ಅವರ ಅತ್ತಿ-ಸೊಸಿ ಕತಿ ಹೇಳಬೇಕು.

ನಾಯಿಗಿ ಸೂಜಿಲಿಂದ ಮಂಪರ ತರಬೇಕಂದ್ರ ಒಂದ ಔಷಧಿ ಸಾಲೂದಿಲ್ಲ, ಜೋಡಿ ಮಾಡಿ ಹಾಕಬೇಕು. ಹಳೇ ಜೋಡಿ ಅಂದ್ರ ಝೈಲಜಿನ್ ಮತ್ತ ಕೆಟಮಿನ್. ನಾ ಮಾನವಿಗಿ ಹೋದ ಮೊದ್ಲ ದಿನಾನ ಅವರು ಪಾಠ ಶುರು ಹಚ್ಚಿದ್ರು. "ನೋಡು ತಂಗಿ, ಝೈಲಜಿನ್ ಅಂದ್ರ ಅತ್ತಿ. ಬಂದಕೂಡ್ಲೆ ಎಲ್ಲಾರ್ನೂ ಅದುಮಿ ಕುಂದರಸ್ತಾಳ. ಮೈ ಸಡ್ಲ ಮಾಡ್ತಾಳ, ಎದಿ ಬಡಿತಾನೂ ಇಳಸ್ತಾಳ. ಕೆಟಮಿನ್ ಸೊಸಿ. ಮೈ ಸೆಟಸ್ತಾಳ, ಎದಿ ಬಡಿತ ಏರಸ್ತಾಳ, ಮಲಗಿದ್ರೂ ಕಣ್ಣು ಮುಚ್ಚೂದಿಲ್ಲ. ಒಬ್ಬಾಕಿನ್ನ ಬಿಟ್ರ ಮನಿ ಹಾಳು. ಇಬ್ರನ್ನೂ ಒಂದ ಮನ್ಯಾಗ ಇಟ್ರ ಒಬ್ಬಾಕಿ ಏರಿಸಿದ್ದು ಇನ್ನೊಬ್ಬಾಕಿ ಇಳಿಸಿ ಸಂಸಾರ ನಡೀತದ."

ನನಗ ಸಿಟ್ಟು ಬಂತು. "ಆ ಮನ್ಯಾಗ ಗಂಡಸು ಯಾವ ಔಷಧಿ ಸರ್?" ಅಂದೆ.

ಜರಾನೂ ತಡಾ ಮಾಡಲಿಲ್ಲ. "ಡಿಸ್ಟಿಲ್ಡ್ ವಾಟರ್," ಅಂದ್ರು.

ಹೊಸ ಜೋಡಿ ಇನ್ನೊಂದು ಬಂದಿತ್ತು. ಟಿಲೆಟಮಿನ್, ಝೋಲಜೆಪಾಮ್. ಇವು ಒಂದ ಬಾಟ್ಲ್ಯಾಗ ಕೂಡೇ ಬರ್ತಾವ. ಇವಕ್ಕ ಅವರು ಬೀಗರು ಅಂತ ಹೆಸರಿಟ್ಟಿದ್ರು. "ಕೂಡೇ ಬರ್ತಾರ, ಉಂಡು ಅಡ್ಡಾಗ್ತಾರ, ಹೋಗ್ರಿ ಅಂದ್ರೂ ಹೋಗೂದಿಲ್ಲ. ನಾಯಿ ಮಲಗಿತಂದ್ರ ಮಲಗೇ ಬಿಡ್ತದ ಮಾರಾಯ್ತಿ." ಬೀಗರ ಮ್ಯಾಲ ಅವರಿಗಿದ್ದ ಸಿಟ್ಟು ಇಷ್ಟಿಷ್ಟಲ್ಲ. ಔಷಧಿ ಕಂಪನಿ ಹುಡುಗ ಬಂದ್ರ ಖುರ್ಚಿ ಸೈತ ಕೊಡತಿದ್ದಿಲ್ಲ. "ನಿನ್ನ ಔಷಧಿ ನಾಯಿಗಿ ಅಲ್ಲೋ, ಕುಂಭಕರ್ಣಗ ಮಾಡ್ಯಾರ," ಅಂತ ನಿಲ್ಲಿಸೇ ಕಳಸ್ತಿದ್ರು.

ಈ ಸಿಟ್ಟಿನ ಮೂಲ ಚಾ. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಮನಿಂದ ಒಂದು ಫ್ಲಾಸ್ಕಿನ್ಯಾಗ ಚಾ ತರ್ತಿದ್ರು. ಆಪರೇಶನ್ ಮುಗದ ಮ್ಯಾಲ ನಾಯಿನ್ನ ಹಸಿ ಗೋಣಿಚೀಲದ ಮ್ಯಾಲ ಮಲಗಿಸಿ, ತಾವು ಬಾಜೂಕ ಬಕೀಟು ಬೋರಲ ಹಾಕ್ಕೊಂಡು ಕುಂದ್ರತಿದ್ರು. ನಮ್ಮ ಕಡಿ ಬಿಸಲಂದ್ರ ಗೊತ್ತಲ್ಲ, ಗೋಣಿಚೀಲಕ್ಕ ನೀರು ಹನಿಸಿದಷ್ಟೂ ಒಣಗ್ತದ. ನಾಯಿ ತಲಿ ಎತ್ತಬೇಕು, ತನ್ನ ಮಾಲಕನ ಗುರುತು ಹಿಡೀಬೇಕು, ಬಾಲ ಅಲ್ಲಾಡಸಬೇಕು. ಅಲ್ಲೀತನಕ ಫ್ಲಾಸ್ಕಿನ ಮುಚ್ಚಳ ತಗೀತಿದ್ದಿಲ್ಲ. ಮಲಗಿಸುವಾಗ ಉರ್ದು, "ಸೋ ಜಾ ಬೇಟಾ, ಸೋ ಜಾ." ಎಬ್ಬಿಸುವಾಗ ಕನ್ನಡ, "ಏಳಪ್ಪಾ ಏಳು, ಮನಿಗಿ ಹೋಗೂಣು." ಯಾಕ್ರಿ ಸರ್ ಹಿಂಗ ಅಂತ ಕೇಳಿದ್ರ, "ನಿದ್ದಿ ಉರ್ದುದಾಗ ಛಲೋ ಹತ್ತತದ. ಏಳೂದು ಮಾತ್ರ ಮನಿ ಮಾತಿನ್ಯಾಗ ಏಳಬೇಕು," ಅಂತಿದ್ರು. ಇದಕ್ಕ ಯಾವ ಪುಸ್ತಕದಾಗೂ ಆಧಾರಿಲ್ಲ, ಆದ್ರ ನಾನೂ ಇವತ್ತಿಗೂ ಹಂಗ ಮಾಡ್ತೀನಿ.

ಎರಡು ಜೋಡಿ ಔಷಧಿನ ಅವರು ಹೋಲಿಸಿ ನೋಡಿದ್ದೂ ಚಾದಲಿಂದನ. ದೇವದುರ್ಗದಾಗ ಅತ್ತಿ-ಸೊಸಿ ಹಾಕ್ತಿದ್ದಾಗ, ನಾಯಿ ಬಾಲ ಅಲ್ಲಾಡಸೂದ್ರಾಗ ಚಾ ಬಾಯಿ ಸುಡೂವಂಗ ಇರ್ತಿತ್ತಂತ. ಮಾನವಿಯಾಗ, ಮ್ಯಾಲಿಂದ ಅದೊಂದ ಬರ್ತದಂತ, ಬೀಗರನ್ನ ಹಾಕಾಕ ಶುರು ಮಾಡಿದ ಮ್ಯಾಲ ಚಾ ಆರಿ ಕೆನಿ ಕಟ್ಟಿದ್ರೂ ನಾಯಿ ಏಳವಲ್ದು. "ಇದಕ್ಕಿಂತ ಪುರಾವಾ ಏನ್ ಬೇಕು ನಿನಗ?" ಅಂತ ತಣ್ಣನ ಚಾ ನನ್ನ ಮುಂದ ಹಿಡೀತಿದ್ರು. ನಾ ಓದಿದ ಪ್ರಕಾರ ಹೊಸ ಜೋಡಿ ಜರಾ ಹೆಚ್ಚಿಗಿ ಮಲಗಸ್ತದ, ಖರೆ. ಆದ್ರ ಇಷ್ಟಲ್ಲ. ನಾ ಕಲಿತ ಕಾಲೇಜಿನ್ಯಾಗ ಇದ ಔಷಧಿಗಿ ನಾಯಿ ಎದ್ದು ಓಡ್ಯಾಡ್ತಿದ್ವು. ಇಲ್ಲಿ ನೋಡಿದ್ರ ಮಾನವಿ ನಾಯಿಗೋಳು ಮದವಿ ಊಟ ಉಂಡವ್ರಂಗ ಬಿದ್ದಿರ್ತಿದ್ವು. ಬದುಕಿ ಉಳಿದಿದ್ದು ಅವುಗಳ ಪುಣ್ಯ.

ಈಗ ಸುಳ್ಳಿಗಿ ಬರ್ತೀನಿ.

ಸೂಜಿ ಎಷ್ಟು ಹಾಕಬೇಕು ಅನ್ನೂದು ನಾಯಿ ತೂಕದ ಮ್ಯಾಲ ಹೋಗ್ತದ. ನಮ್ಮ ದವಾಖಾನ್ಯಾಗ ನಾಯಿ ತೂಗೂ ತಕ್ಕಡಿ ಇದ್ದಿಲ್ಲ. ಇವರು ದೇವದುರ್ಗದಾಗ ಒಂದು ಉಪಾಯ ಹುಡುಕಿದ್ರು. ನಾಯಿನ್ನ ಎತ್ತಿ ಎದಿಗಿ ಹಚ್ಕೊಂಡು ಹತ್ತಿ ವ್ಯಾಪಾರದವ್ರ ಕಾಟಾ ಮ್ಯಾಲ ನಿಂದ್ರೂದು. ಕಾಟಾ ಅಂದ್ರ ನೆಲಕ್ಕ ಕುಂದರಿಸಿದ ದೊಡ್ಡ ತಕ್ಕಡಿ, ಚೀಲ ತೂಗೂದು. ಬಂದ ಲೆಕ್ಕದಾಗ ತಮ್ಮ ತೂಕ ಅರವತ್ತೆಂಟು ಕಳದ್ರ, ಉಳದದ್ದು ನಾಯಿ. ಆಗ ಅವರು ಅರವತ್ತೆಂಟ ಇದ್ರು. ಮಸರಕಲ್ ಊರಿಗಿ ಕುರಿ ನೋಡಾಕ ಸೈಕಲ್ ಮ್ಯಾಲ ಹೋಗಿ ಬರೂ ಕಾಲ, ಸಣಕಲ ಮೈ. ಲೆಕ್ಕ ಬರೋಬರಿ ಬರ್ತಿತ್ತು, ನಾಯಿ ಬರೋಬರಿ ಏಳ್ತಿತ್ತು, ಚಾ ಬಿಸಿ ಇರ್ತಿತ್ತು.

ಆಮ್ಯಾಲ ಮಾನವಿಗಿ ವರ್ಗ ಆಯ್ತು. ಮಾನವಿ ಅಂದ್ರ ಕಾಲುವಿ ನೀರು, ನೆಲ್ಲು, ರೈಸ್ ಮಿಲ್ಲು. ಒಂದೊಂದು ಮಿಲ್ಲಿಗಿ ಒಂದು ಕಾವಲ ನಾಯಿ, ಒಂದೊಂದು ನಾಯಿಗಿ ಒಬ್ಬ ಉಣಿಸೂ ಸಾವ್ಕಾರ. ಆ ಉಣಿಸೂದು ನಾಯಿಗಷ್ಟ ಇದ್ದಿಲ್ಲ. ಸೂಜಿ ಹಾಕಾಕ ಹೋದಲ್ಲೆಲ್ಲ ಒಗ್ಗರಣಿ ಮಂಡಾಳು, ಮಿರ್ಚಿ, ಶೇಂಗಾ ಹೋಳಗಿ. ನಮ್ಮ ಸಾಹೇಬ್ರ ಬೆಲ್ಟಿಗಿ ಮೊಳಿಲೆ ಹೊಸಾ ತೂತು ಹೊಡದು ಹೊಡದು ಬೆಲ್ಟು ಮುಗದು ಹೋಯ್ತು. ಅಂಗಿ ಗುಂಡಿ ಒಂದೊಂದ ರಾಜೀನಾಮಿ ಕೊಟ್ವು. ಆದ್ರ ಕಾಟಾದ ಮ್ಯಾಲ ನಿಂತು ಕಳಿಯೂ ಲೆಕ್ಕ ಮಾತ್ರ ಅದ. ಅರವತ್ತೆಂಟು.

ಯಾಕಂದ್ರ ಮನ್ಯಾಗ ಒಂದು ಕಾನೂನಿತ್ತು. ಅವರ ಮನಿತನದಾಗ ಎಲ್ಲಾರಿಗೂ ಸಕ್ರಿ ಕಾಯಿಲೆ. ಅವರ ಹೆಂಡ್ತಿ, ನಾವು ಅಕ್ಕೋರು ಅಂತಿದ್ವಿ, ಭಾಳ ಗಟ್ಟಿ ಹೆಣ್ಮಗಳು. "ನೀವು ಎಪ್ಪತ್ತು ದಾಟಿದ ದಿನ ಮಿರ್ಚಿ ಬಂದ್, ಹೋಳಗಿ ಬಂದ್," ಅಂತ ಹೇಳಿಟ್ಟಿದ್ರು. ಅದಕ್ಕ ಇವರು ಎಪ್ಪತ್ತು ದಾಟಲೇ ಇಲ್ಲ. ತಾವು ಒಬ್ರ ಎಂದೂ ಕಾಟಾ ಹತ್ತತಿದ್ದಿಲ್ಲ, ಯಾವಾಗ್ಲೂ ಕೈಯಾಗೊಂದು ನಾಯಿ. ತಮ್ಮ ಮೈಗಿ ಬಂದದ್ದನ್ನೆಲ್ಲ ನಾಯಿ ಮೈಗಿ ಹಾಕಿ, ಆ ತೂಕಕ್ಕ ಸೂಜಿ ಚುಚ್ಚಿ, ನಾಯಿ ಏಳಲಿಲ್ಲಂದ್ರ ಬೀಗರನ್ನ ಬೈತಿದ್ರು. ಇದು ಅವರಿಗಿ ಗೊತ್ತಿತ್ತೋ ಇಲ್ಲೋ, ದೇವರಾಣಿಗೂ ನನಗ ಇವತ್ತಿಗೂ ತಿಳಿದಿಲ್ಲ. ಕೆಲವು ಮಾತು ಮನುಷ್ಯಾಗ ಗೊತ್ತಿದ್ದೂ ಗೊತ್ತಿರೂದಿಲ್ಲ.

ಬೀದಿ ನಾಯಿ, ಮಿಲ್ಲಿನ ನಾಯಿ ಅಂದ್ರ ದೊಡ್ಡವು, ಹೆಂಗೋ ತಡಕೊಂಡ್ವು. ಒಂದು ದಿನ ಸಣ್ಣ ನಾಯಿ ಬಂತು.

ಸಾಲಿ ಹೆಡ್ ಟೀಚರಮ್ಮ ಒಬ್ರು ಕಾಯಿಪಲ್ಯದ ಚೀಲದಾಗ ಇಟ್ಕೊಂಡು ತಂದಿದ್ರು. ಬಿಳಿ ಪಾಮೇರಿಯನ್, ಹೆಸರು ಸೋನಾ. ಗರ್ಭಚೀಲದಾಗ ಕೀವು ತುಂಬಿ ಹೊಟ್ಟಿ ಉಬ್ಬಿತ್ತು, ಜ್ವರ ಬಂದು ಬಾಯಿ ಒಣಗಿತ್ತು. ಅವತ್ತ ಚೀಲ ತಗೀಬೇಕು, ಇಲ್ಲಂದ್ರ ಉಳಿಯೂದಿಲ್ಲ. ಟೀಚರಮ್ಮ ಸಾಲಿ ತುಂಬ ಹುಡುಗರ್ನ ಗಡಗಡ ನಡಗಿಸೂವವ್ರು, ಅವತ್ತು ತಾವ ನಡಗಾಕತ್ತಿದ್ರು. "ಇದೊಂದ ನನ್ನ ಮಾತು ಕೇಳೂ ಜೀವ ರೀ, ಉಳಿಸ್ಕೊಡ್ರಿ," ಅಂದ್ರು.

ಸಾಹೇಬ್ರು ಸೋನಾನ್ನ ಎತ್ಕೊಂಡು ದವಾಖಾನಿ ಎದುರಿನ ರೈಸ್ ಮಿಲ್ಲಿಗಿ ನಡದ್ರು. ನಾನೂ ಟೀಚರಮ್ಮನೂ ಹಿಂದ. ಸುಗ್ಗಿ ದಿನ, ಅಂಗಳ ತುಂಬ ನೆಲ್ಲಿನ ಟ್ರ್ಯಾಕ್ಟರು, ರೈತರು ತಮ್ಮ ಪಾಳಿಗಿ ಕುಂತಿದ್ರು. ಇವರು ಕಾಟಾ ಹತ್ತಿ ನಿಂತ್ರು. ಗುಮಾಸ್ತ ಗಟ್ಟಿಯಾಗಿ ಕೂಗಿದ, "ಎಂಬತ್ನಾಕು!"

"ಕಳಿ ಅರವತ್ತೆಂಟು," ಅಂದ್ರು ಸಾಹೇಬ್ರು. "ಹದಿನಾರು. ತಂಗಿ, ಹದಿನಾರಕ್ಕ ಬೀಗರನ್ನ ತುಂಬು."

ನಾ ಚೀಲದಾಗ ಬಂದ ನಾಯಿ ನೋಡಿದೆ, ಅವರ ಮಾರಿ ನೋಡಿದೆ. "ಸರ್, ಹದಿನಾರ ಹೆಂಗ ಆಗ್ತದ್ರಿ?"

"ಕೀವು ತುಂಬ್ಯದಲ್ಲ. ಮತ್ತ ಟೀಚರಮ್ಮನ ಮನಿ ನಾಯಿ, ತುಪ್ಪಾ ತಿಂತದ."

ಟೀಚರಮ್ಮ ಮೈಮ್ಯಾಲ ಬಂದವ್ರಂಗ ಎದ್ರು. "ಏನ್ ಮಾತಾಡ್ತೀರಿ? ಮನಿಂದ ಇಲ್ಲೀತನಕ ಒಂದ ಕೈಯಾಗ ಹಿಡ್ಕೊಂಡು ಬಂದೀನಿ. ಹದಿನಾರ ಕೇಜಿ ಅಕ್ಕಿ ಒಂದ ಕೈಯಾಗ ಎತ್ತಿ ತೋರ್ಸಿರಿ ನೋಡೂಣು! ನನಗ ಲೆಕ್ಕ ಹೇಳಿಕೊಡ್ತೀರೇನು?"

ಮುಂದ ಏನಾಗಬೇಕಿತ್ತು ಹೇಳ್ರಿ. ನಾಯಿ ಇಳಿಸಿ, ತಾವೊಬ್ರ ನಿಂತು, ತಮ್ಮ ತೂಕ ನೋಡ್ಕೊಂಡಿದ್ರ ಮಾತು ಮುಗೀತಿತ್ತು. ಇವರು ಕಾಟಾದ ಕಡಿ ಒಮ್ಮಿ ನೋಡಿದ್ರು, ತಮ್ಮ ಹೊಟ್ಟಿ ಕಡಿ ನೋಡಲೇ ಇಲ್ಲ. ಕೆಳಗ ಇಳದು, ಎಲ್ಲಾರಿಗೂ ಕೇಳೂವಂಗ ಅಂದ್ರು, "ಈ ಕಾಟಾ ಕೆಟ್ಟದ. ಸುಳ್ಳು ತೋರಸ್ತದ."

ಅಷ್ಟಂದು, ಸೋನಾನ್ನ ನನ್ನ ಕೈಗಿ ಕೊಟ್ಟು ನಡದ್ರು. ನಾ ಸೋನಾನ್ನ ಬಾಜೂಕಿನ ಕಿರಾಣಿ ಅಂಗಡಿಗಿ ಒಯ್ದು, ಬೆಲ್ಲ ತೂಗೂ ಬುಟ್ಟ್ಯಾಗ ಕುಂದರಿಸಿ ತೂಗಿಸಿದೆ. ಐದು. ಹದಿನಾರರ ಸೂಜಿ ಹಾಕಿದ್ರ ಸೋನಾ ಈ ಜನ್ಮದಾಗ ಏಳ್ತಿದ್ದಿಲ್ಲ. ಬಂದು ಹೇಳಿದೆ, "ಐದು ಸರ್. ನಾ ಐದಕ್ಕ ತುಂಬತೀನಿ. ಬ್ಯಾಡ ಅಂದ್ರ ಸೂಜಿ ನೀವ ಹಿಡೀರಿ, ನಾ ಮನಿಗಿ ಹೋಗ್ತೀನಿ." ಅವರು ಕೈ ತೊಳಕೊಳ್ಳಾಕ ಹೋದ್ರು.

ಕೈ ಮಾತ್ರ ಕೈನ ರೀ ಅವು. ದಪ್ಪ ದಪ್ಪ ಬೆರಳು, ಆದ್ರ ಒಳಗ ಹೋದ್ರ ಮಲ್ಲಿಗಿ ಕಟ್ಟೂವಂಗ. ಉಬ್ಬಿದ ಚೀಲ ಒಂದು ಹನಿ ಕೀವು ಚೆಲ್ಲಲಾರ್ದಂಗ ಹೊರಗ ತಗದ್ರು. ನಾ ಹತ್ತಿ ಎಳಿ ನೋಡ್ಕೊಂತ ನಿಂತೆ. ಒಮ್ಮಿ ನಿಂತಂಗ ಆಯ್ತು. ಮತ್ತ ಅಲ್ಲಾಡ್ತು. ಹೊಲಿಗಿ ಮುಗಿಸಿ ಗೋಣಿಚೀಲದ ಮ್ಯಾಲ ಮಲಗಿಸಿ, ಸಾಹೇಬ್ರು ಬಕೀಟಿನ ಮ್ಯಾಲ ಕುಂತು "ಏಳವ್ವಾ ಏಳು, ಮನಿಗಿ ಹೋಗೂಣು" ಅಂತ ಶುರು ಮಾಡೂದ್ರಾಗ ಸೋನಾ ತಲಿ ಎತ್ತೇಬಿಡ್ತು. ಟೀಚರಮ್ಮ "ಸೋನಾ" ಅಂದ್ರು. ಆ ನಾಯಿ, ಅಷ್ಟು ಜ್ವರದಾಗೂ, ಬಾಲ ಅಲ್ಲಾಡಿಸ್ತು. ಟೀಚರಮ್ಮ ನೆಲದ ಮ್ಯಾಲ ಕುಂತು ಅತ್ತುಬಿಟ್ರು.

ನಾ ಫ್ಲಾಸ್ಕಿನ ಮುಚ್ಚಳ ತಗದು ಚಾ ಸುರುವಿ ಕೊಟ್ಟೆ. ಹೊಗಿ ಏಳಾಕತ್ತಿತ್ತು. ಬೀಗರನ್ನ ಹಾಕಿದ ದಿನ ಬಿಸಿ ಚಾ ಅದ ಮೊದ್ಲು. ಅವರು ಬಟ್ಟಲ ಹಿಡ್ಕೊಂಡು ಭಾಳ ಹೊತ್ತು ಆ ಹೊಗಿನ್ನ ನೋಡಿದ್ರು.

"ಈ ಬಾಟ್ಲಿ ಹಳೇ ಬ್ಯಾಚಿಂದು ಇರಬೇಕು," ಅಂದ್ರು. ಬಟ್ಟಲ ಹಂಗ ಕೆಳಗಿಟ್ಟು ಎದ್ದು ಹೋದ್ರು.

ಅಲ್ಲಿಗಿ ಮುಗದಿದ್ರ ಛಲೋ ಇತ್ತು. ಆದ್ರ ಮಾನವಿಯಾಗ ಸುಗ್ಗಿ ದಿನ, ನೆಲ್ಲು ತಂದ ರೈತರ ನಡಬರಕ ನಿಂತು ಕಾಟಾ ಸುಳ್ಳು ಅನ್ನೂದು ಅಂದ್ರ ಹುಲ್ಲಿನ ಬಣವಿಗಿ ಕಡ್ಡಿ ಗೀರಿದಂಗ. ಹೇಳಿದವ್ರು ಯಾರೋ ಕುಡುಕ ಅಲ್ಲ, ಸರ್ಕಾರಿ ಡಾಕ್ಟ್ರು, ಓದಿದವ್ರು, ಎಂದೂ ಸುಳ್ಳು ಆಡಲಾರ್ದವ್ರು. ಮರುದಿನ ಮುಂಜಾನಿ ಮಿಲ್ಲಿನ ಅಂಗಳದಾಗ ಟ್ರ್ಯಾಕ್ಟರು ನಿಂತದ್ದು ನಿಂತಂಗ. ಯಾರೂ ಚೀಲ ಇಳಸವಲ್ರು. ನಾಕು ಟ್ರ್ಯಾಕ್ಟರು ತಿರುಗಿ ಬ್ಯಾರೆ ಮಿಲ್ಲಿಗಿ ಹೋದ್ವು.

ಮಿಲ್ಲಿನ ಸಾವ್ಕಾರ್ರು ದವಾಖಾನಿಗಿ ಬಂದ್ರು. ವಯಸ್ಸಾದವ್ರು, ದಿನಾ ಲಿಂಗಪೂಜಿ ಆಗದ ನೀರು ಸೈತ ಮುಟ್ಟಲಾರ್ದವ್ರು. ಕೂಗಾಡ್ತಾರ ಅಂತ ನಾ ಮಾಡಿದ್ದೆ. ಕೂಗಾಡಲಿಲ್ಲ, ಅದ ತ್ರಾಸ ಆಯ್ತು.

"ಡಾಕ್ಟ್ರ, ನಿಮಗ ನನ್ನ ಮ್ಯಾಲ ಏನಾದ್ರೂ ಸಿಟ್ಟದ ಏನು?"

"ಇಲ್ರಿ ಸಾವ್ಕಾರ್ರ."

"ನಮ್ಮಪ್ಪನ ಕಾಲದಿಂದ ನಮ್ಮ ಕಾಟಾಕ್ಕ ಯಾರೂ ಬೆರಳು ತೋರಿಸಿಲ್ಲ. ಅಕ್ಕಿ ಕೆಟ್ಟದ ಅಂದ್ರ ಅಂದಾರ, ನಾ ಕೆಟ್ಟಾವ ಅಂದ್ರೂ ಅಂದಾರ. ಕಾಟಾ ಕೆಟ್ಟದ ಅಂತ ನೀವ ಅಂದ್ರಿ. ಇವತ್ತು ಈ ಟ್ರ್ಯಾಕ್ಟರು ಎಲ್ಲಾ ತಿರುಗಿ ಹೋದ್ರ, ನಾಳಿ ನನ್ನ ಮಾರಿ ಯಾರೂ ನೋಡೂದಿಲ್ಲ. ನೀವು ಬಂದು, ಹೆಂಗ ಕೆಟ್ಟದ ತೋರ್ಸಿಬಿಡ್ರಿ. ಕೆಟ್ಟಿದ್ರ ನಾನ ಒಡದು ಹಾಕ್ತೀನಿ."

ಸಾಹೇಬ್ರು ಹತ್ತಿ ತುಣಕು ಬೆರಳಾಗ ಹೊಸಕ್ಕೊಂತ ಕುಂತ್ರು. ತಪ್ಪಿಸ್ಕೊಳ್ಳಾಕ ದಾರಿ ಭಾಳ ಇದ್ವು. ಚ್ಯಾಷ್ಟಿಗಿ ಅಂದೆ ಅನ್ನಬಹುದಿತ್ತು. ಅವತ್ತ ಕರೆಂಟ್ ಸರಿ ಇದ್ದಿಲ್ಲ ಅನ್ನಬಹುದಿತ್ತು. ರಜಾ ಹಾಕಿ ರಾಯಚೂರಿಗಿ ಹೋಗಬಹುದಿತ್ತು. ನಾನೂ ಒಳಗೊಳಗ, ಏನೋ ಒಂದು ಹೇಳಿ ಪಾರಾಗ್ರಿ ಸರ್ ಅಂತ ಬೇಡ್ಕೊಳ್ಳಾಕತ್ತಿದ್ದೆ, ಸುಳ್ಳ್ಯಾಕ ಹೇಳ್ಲಿ. ಅವರು ಎದ್ದ್ರು, "ನಡೀರಿ" ಅಂದ್ರು.

ಮಿಲ್ಲಿನ ಅಂಗಳದಾಗ ಜನ ಸುತ್ತು ನಿಂತಿತ್ತು. ಮೊದ್ಲ ಸಾವ್ಕಾರ್ರು ಸರ್ಕಾರಿ ಮುದ್ರಿ ಇದ್ದ ಕಬ್ಬಿಣದ ತೂಕದ ಕಲ್ಲು ಇಡಿಸಿದ್ರು. ಕಾಟಾ ಬರೋಬರಿ ತೋರಿಸ್ತು. ಜನ ಸಾಹೇಬ್ರ ಕಡಿ ತಿರುಗಿತು. ಅವರು ಚಪ್ಪಲಿ ಬಿಟ್ರು. ಕಿಸೆದಾಗಿನ ಕೀಲಿ, ಫೋನು, ಸ್ಟೆತಸ್ಕೋಪು, ಹತ್ತಿ ಸೈತ ತಗದು ನನ್ನ ಕೈಯಾಗ ಇಟ್ರು. ಬೆಲ್ಟೂ ಬಿಚ್ಚಿದ್ರು. ಹತ್ತಿ ತಗದು ಕೊಟ್ಟದ್ದು ನೋಡಿ ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಆಮ್ಯಾಲ ಖಾಲಿ ಕೈಲೆ, ನಾಯಿಲ್ಲ ಏನಿಲ್ಲ, ಕಾಟಾ ಹತ್ತಿ ನಿಂತ್ರು. ಅವರ್ನ ಹಂಗ ನಾ ಎಂದೂ ನೋಡಿದ್ದಿಲ್ಲ. ಕೈ ಎಲ್ಲಿ ಇಟ್ಕೊಬೇಕಂತ ತಿಳೀದ ನಿಂತಿದ್ರು.

"ಎಪ್ಪತ್ತೊಂಬತ್ತು!" ಅಂತ ಗುಮಾಸ್ತ ಕೂಗಿದ.

ಸಾಹೇಬ್ರು ಕೆಂಪು ಅಂಕಿ ತಾವ ಬಗ್ಗಿ ನೋಡಿದ್ರು. ನಿಂತಲ್ಲಿಂದನ ಅಂದ್ರು, "ಕಾಟಾ ಖರೆ ಅದ. ನಾ ಅರವತ್ತೆಂಟು ಅಂತ ಹೇಳ್ಕೊಂಡು ತಿರಗತಿದ್ದೆ. ಸುಳ್ಳು ನಂದು."

ಹಿಂದ ನಿಂತಿದ್ದ ರೈತನೊಬ್ಬ ಬಾಯಿ ಬಿಟ್ಟ, "ಹಂಗಾರ ಇಷ್ಟು ದಿನ ನಮ್ಮ ನಾಯಿಗೋಳಿಗಿ ನಿಮ್ಮ ಹೊಟ್ಟಿ ಪಾಲಿನ ಸೂಜೀನೂ ಬಿದ್ದದ ಅನ್ರಿ!"

"ಬಿದ್ದದಪ್ಪ," ಅಂದ್ರು ಸಾಹೇಬ್ರು.

ಎಲ್ಲಾರೂ ಹೋ ಅಂತ ನಕ್ರು. ನಕ್ಕೊಂತನ ಚೀಲ ಇಳಸಾಕ ಶುರು ಮಾಡಿದ್ರು. ಸಾವ್ಕಾರ್ರು ಮಾತ್ರ ನಗಲಿಲ್ಲ, ಬಂದು ಸಾಹೇಬ್ರ ಎರಡೂ ಕೈ ಹಿಡ್ಕೊಂಡು ಕಣ್ಣಿಗಿ ಒತ್ತಿಕೊಂಡ್ರು. ಒಳಗ ಕರಕೊಂಡು ಹೋಗಿ ಕುಂದರಿಸಿ ಬಿಸಿ ಮಿರ್ಚಿ ತರಿಸಿದ್ರು. ಸಾಹೇಬ್ರು ಬ್ಯಾಡ ಬ್ಯಾಡ ಅಂದ್ರು, ಆದ್ರ ಪ್ಲೇಟು ಖಾಲಿ ಮಾಡಿಯೇ ಎದ್ದ್ರು.

ಮುಂದಿನ ವಾರ ರಾಯಚೂರಾಗ ಜಿಲ್ಲಾದ ದನದ ಡಾಕ್ಟ್ರೆಲ್ಲ ಕೂಡೂ ಮೀಟಿಂಗಿತ್ತು. ಬೀದಿ ನಾಯಿಗೋಳ ಆಪರೇಶನ್ ಕ್ಯಾಂಪಿಗಿ ಯಾವ ಜೋಡಿ ಔಷಧಿ ಬಳಸಬೇಕು ಅನ್ನೂದ್ರ ಮ್ಯಾಲ ಇವರ ಭಾಷಣ. ಬೀಗರನ್ನ ಜಿಲ್ಲಾದಿಂದನ ಓಡಿಸ್ತೀನಿ ಅಂತ ತಿಂಗಳಗಟ್ಲೆ ತಯಾರಿ ನಡಿಸಿದ್ರು. ಅವತ್ತು ಎದ್ದು ನಿಂತು ಅಂದ್ರು, "ನನ್ನ ಹೋಲಿಕಿ ಬೇಕಾರ್. ನಾ ಎರಡು ಔಷಧಿ ಹೋಲಿಸಿಲ್ಲ. ದೇವದುರ್ಗದಾಗಿನ ಸಣಕಲ ನಾನು, ಮಾನವಿಯಾಗಿನ ದಪ್ಪನ ನಾನು, ಈ ಇಬ್ರನ್ನ ಹೋಲಿಸೀನಿ. ಹೊಸ ಔಷಧಿದು ಏನೂ ತಪ್ಪಿಲ್ಲ. ಯಾವುದ ಹಾಕ್ರಿ, ಕೇಳಿ ಹಾಕಬ್ಯಾಡ್ರಿ, ತೂಗಿ ಹಾಕ್ರಿ."

ಸಭಾ ಬಿದ್ದು ಬಿದ್ದು ನಕ್ಕಿತು. ಇಷ್ಟು ನಗಿಸಿದ ಭಾಷಣ ಎಂದೂ ಕೇಳಿಲ್ಲ ಅಂತ ಶಾಲು ಹೊಚ್ಚಿದ್ರು. ಆಮ್ಯಾಲ ಹಳೇ ಜೋಡಿನ ಬಳಸಬೇಕು ಅಂತ ತೀರ್ಮಾನ ಆಯ್ತು, ಯಾಕಂದ್ರ ಅದರ ಡಬ್ಬಿ ಆಗಲೇ ಗೋಡೌನಿಗಿ ಬಂದು ಬಿದ್ದಿದ್ವು. ಬಸ್ಸಿನ್ಯಾಗ ತಿರುಗಿ ಬರುವಾಗ ಅವರು ಆ ಶಾಲು ಮಡಚಿಕೊಂತ, "ಮನುಷ್ಯಾ ಖರೆ ಹೇಳಿದ್ರ ಜನ ಭಾಳ ನಗ್ತಾರ ನೋಡು," ಅಂದ್ರು. ಅವರಿಗಿ ನಗು ಬಂದಿದ್ದಿಲ್ಲ.

ಅವತ್ತಿಂದ ಪದ್ಧತಿ ಬದಲಾಯ್ತು. ಕಟ್ಟಿಗಿದೊಂದು ಪೆಟಿಗಿ ಮಾಡಿಸಿದ್ರು. ನಾಯಿನ್ನ ಪೆಟಿಗ್ಯಾಗ ಕುಂದರಿಸಿ ಕಾಟಾಕ್ಕ ಇಡೂದು, ಪೆಟಿಗಿ ತೂಕ ಕಳಿಯೂದು. ಪೆಟಿಗಿ ಮಿರ್ಚಿ ತಿನ್ನೂದಿಲ್ಲ ಅಂತ ತಾವ ಹೇಳಿ ನಗ್ತಿದ್ರು. ಹೊಸಾ ಡಾಕ್ಟ್ರು ಯಾರ ಬರ್ಲಿ, ಮೊದ್ಲ ಪೆಟಿಗಿ ತೋರಿಸಿ ತಮ್ಮ ಕತಿ ತಾವ ಹೇಳ್ತಿದ್ರು, ಜರಾನೂ ಮುಚ್ಚತಿದ್ದಿಲ್ಲ. ಮನ್ಯಾಗ ಮಾತ್ರ ಹೇಳಲಿಲ್ಲ. ಅಕ್ಕೋರ ಲೆಕ್ಕದಾಗ ಅವರು ಅರವತ್ತೆಂಟ. ಊರಿಗೆಲ್ಲ ಗೊತ್ತಿದ್ದ ಮಾತು ಆ ಒಂದು ಅಡಗಿಮನಿಗಿ ಮುಟ್ಟಲಿಲ್ಲ. ಮುಟ್ಟಿಸೂ ಧೈರ್ಯ ನಮಗ್ಯಾರಿಗೂ ಇದ್ದಿಲ್ಲ ಅನ್ರಿ.

ನಿವೃತ್ತಿ ಆಗಿ ರಾಯಚೂರಾಗ ಮನಿ ಮಾಡಿದ್ರು. ನನಗೂ ಅಲ್ಲಿಗೇ ವರ್ಗ ಆಗಿತ್ತು. ಹೋದ ವರ್ಷ, ತೀರಿಕೊಳ್ಳೂಕಿಂತ ಕೆಲವು ತಿಂಗಳ ಮೊದ್ಲ, ಅವರಿಗಿ ಹೊಟ್ಟ್ಯಾಗ ಗಡ್ಡಿ ಅಂತ ತಿಳೀತು. ಊಟ ಸೇರವಲ್ದು, ಅಂಗಿ ಗೂಟಕ್ಕ ತೂಗು ಹಾಕಿದಂಗ ಕಾಣಾಕತ್ತಿತ್ತು. ಆಪರೇಶನ್ ಅಂದ್ರು. ಆ ಮುಂಜಾನಿ ದವಾಖಾನ್ಯಾಗ ಅಕ್ಕೋರು ಒಂದು ಕಡಿ, ನಾ ಒಂದು ಕಡಿ. ಮಂಪರ ಕೊಡೂ ಡಾಕ್ಟ್ರು ಬಂದ್ರು, ಸಣ್ಣ ವಯಸ್ಸಿನವ್ರು, ಕೈಯಾಗ ಪೆನ್ನು. "ಅಜ್ಜಾರ ತೂಕ ಎಷ್ಟ್ರಿ?" ಅಂತ ಕೇಳಿದ್ರು.

ಅಕ್ಕೋರು ತಡಾ ಮಾಡಲಿಲ್ಲ. "ಅರವತ್ತೆಂಟು ರೀ. ಮೊದ್ಲಿಂದ್ಲೂ ಅಷ್ಟ."

ಡಾಕ್ಟ್ರು ಬರಕೊಳ್ಳಾಕ ಹೋದ್ರು. ಸಾಹೇಬ್ರು ಕೈ ಎತ್ತಿದ್ರು. "ನಿಂದ್ರಿ ಡಾಕ್ಟ್ರ. ಕೇಳಿ ಹಾಕಬ್ಯಾಡ್ರಿ, ತೂಗಿ ಹಾಕ್ರಿ. ಆಕಿಗಿ ನಾ ಹೇಳಿದ್ದು ಅರವತ್ತೆಂಟು. ಅದು ಸುಳ್ಳು."

ಅಕ್ಕೋರು ಬಾಯಿ ತೆರದದ್ದು ತೆರದಂಗ. "ಏನಂದ್ರಿ?"

"ಮಿರ್ಚಿ ಸಲುವಾಗಿ," ಅಂದ್ರು ಸಾಹೇಬ್ರು, ಸಣ್ಣ ದನಿಲೆ.

ತೂಗೂ ಮಷೀನು ತರಿಸಿದ್ರು. ನಾ ಒಂದು ರೆಟ್ಟಿ ಹಿಡ್ದೆ, ಅಕ್ಕೋರು ಒಂದು ಹಿಡದ್ರು. ಅವರು ಹತ್ತಿ ನಿಂತು, ನಮ್ಮ ಕೈ ಬಿಡಿಸ್ಕೊಂಡ್ರು. ಯಾರ ಆಸರಾನೂ ಲೆಕ್ಕಕ್ಕ ಬರಬಾರ್ದು ನೋಡ್ರಿ. ಡಾಕ್ಟ್ರು ಬಗ್ಗಿ ನೋಡಿ, "ಬರೋಬರಿ ಅದಲ್ರಿ ಅಜ್ಜಾ. ಅರವತ್ತೆಂಟ ಅದ," ಅಂದ್ರು.

ಸಾಹೇಬ್ರು ತಾವ ಬಗ್ಗಿ ನೋಡಿದ್ರು. ಆಮ್ಯಾಲ ನನ್ನ ಕಡಿ ನೋಡಿದ್ರು. ಆ ಮಾರಿ ನಾ ಸಾಯೂತನಕ ಮರಿಯೂದಿಲ್ಲ.

"ನೋಡಿದೇನು ತಂಗಿ, ನಾ ಸುಳ್ಳು ಹೇಳ್ತಿದ್ದಿಲ್ಲ," ಅಂದ್ರು. "ಜರಾ ಮೊದ್ಲ ಹೇಳ್ತಿದ್ದೆ, ಅಷ್ಟ."

ಅಕ್ಕೋರು ನಗಾಕ ಹೋಗಿ ಅತ್ರು. ಗಾಲಿ ಮಂಚ ಒಳಗ ಹೋಯ್ತು. ನಾ ಹೊರಗ ಕುಂತೆ. ಅಕ್ಕೋರು ಮನಿಂದ ಅದ ಹಳೇ ಫ್ಲಾಸ್ಕಿನ್ಯಾಗ ಚಾ ತಂದಿದ್ರು, "ಕುಡೀರಿ ಮೇಡಮ್, ಆರ್ತದ" ಅಂತ ಎರಡು ಸಲ ಅಂದ್ರು. ನಾ ಮುಚ್ಚಳ ಮುಟ್ಟಲಿಲ್ಲ. ಅವರಿಗೂ ಕೊಡಲಿಲ್ಲ. ಯಾಕಂತ ಕೇಳಿದ್ರ ಏನ್ ಹೇಳ್ತಿದ್ದೆನೋ, ಅವರು ಕೇಳಲಿಲ್ಲ.

ಹೊರಗ ತಂದು ಮಲಗಿಸಿದಾಗ ಸುತ್ತ ಮಷೀನು, ಎಲ್ಲಾ ಅಂಕಿ ಕಾಣ್ತಾವ, ಆದ್ರ ನನ್ನ ಕಣ್ಣು ಅವರ ಮೂಗಿನ ಮ್ಯಾಲ. ಕಿವಿ ಹಂತೇಕ ಬಗ್ಗಿ, "ಏಳ್ರಿ ಸರ್ ಏಳ್ರಿ, ಮನಿಗಿ ಹೋಗೂಣು," ಅಂದೆ. ಮತ್ತ ಅಂದೆ. ನರ್ಸಮ್ಮ ನನ್ನ ವಿಚಿತ್ರ ಮಾಡಿ ನೋಡಿದ್ಳು. ಭಾಳ ಹೊತ್ತಾದ ಮ್ಯಾಲ ರೆಪ್ಪಿ ಅಲ್ಲಾಡಿದ್ವು. ತಲಿ ಜರಾ ಎತ್ತಿದ್ರು. ಅಕ್ಕೋರ್ನ ನೋಡಿದ್ರು, ನನ್ನ ನೋಡಿದ್ರು, ನನ್ನ ಕೈಯಾಗಿನ ಫ್ಲಾಸ್ಕ್ ನೋಡಿದ್ರು. ಚಾದರದ ಮ್ಯಾಲಿದ್ದ ಕೈಬೆರಳು ಎರಡು ಸಲ ಅತ್ತಿತ್ತ ಅಲ್ಲಾಡಿಸಿದ್ರು.

"ಈಗ ಕುಡಿ," ಅಂದ್ರು.

ಆ ಚಾ ತಣ್ಣಗಾಗಿತ್ತು, ಕೆನಿ ಕಟ್ಟಿತ್ತು. ಕುಡದೆ.